ಲೋಳೆಸರದ ಕುಂಡ ಬದಲಿಸುವ ಬಗೆ

ಶಾಲೆ ಬಿಟ್ಟು ಹೋದ ವಿದ್ಯಾರ್ಥಿನಿಯರು ಬರೆಯುವ ಪತ್ರಗಳಲ್ಲಿಯೂ, ಕಾಣಲು ಬಂದಾಗ ಆಡುವ ಮಾತುಗಳಲ್ಲಿಯೂ, ಮನೆಯ ಕ್ಷೇಮ, ಮಕ್ಕಳ ಓದು, ಮಳೆಬೆಳೆ ಇವೆಲ್ಲ ಮುಗಿದ ಬಳಿಕ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿರುತ್ತದೆ: "ಅಕ್ಕನವರೇ, ಶಾಲೆಯಿಂದ ಒಯ್ದ ಲೋಳೆಸರವು ಸತ್ತುಹೋಯಿತು, ಯಾಕೆ ಸತ್ತಿತು?" ನಮ್ಮ ಶಾಲೆಯ ಹಿಂದಿನ ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಇರುವ ಕುಂಡಗಳನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಕೊನೆಯ ವರ್ಗ ಮುಗಿಸಿ ಹೊರಡುವ ಹುಡುಗಿಯರು ಅವುಗಳಿಂದ ಒಂದೊಂದು ಮರಿಯನ್ನು ಕಿತ್ತು ಒಯ್ಯುವ ರೂಢಿ ಬಿದ್ದಿದೆ. ಎರಡು ಮೂರು ವರ್ಷ ಆ ಮರಿಯು ಚೆನ್ನಾಗಿ ಬೆಳೆಯುತ್ತದೆ. ಬಳಿಕ ಕುಂಡವು ಸಾಲದೆಂದು ಕಂಡು, ಒಳ್ಳೆಯ ಮನಸ್ಸಿನಿಂದ, ಹೊಲದ ಒಳ್ಳೆಯ ಮಣ್ಣನ್ನೇ ತರಿಸಿ, ದೊಡ್ಡ ಕುಂಡಕ್ಕೆ ಬದಲಿಸಿ, ತುಂಬ ನೀರು ಹಾಕುತ್ತಾರೆ. ಒಂದು ತಿಂಗಳಲ್ಲಿ ಗಿಡವು ಬುಡದಿಂದ ಕೊಳೆತು ಮಗ್ಗುಲಾಗುತ್ತದೆ.

ಇದು ಸಣ್ಣ ಸಂಗತಿಯೇ ಸರಿ. ಆದರೆ ಹೊಸದಾಗಿ ಗಂಡನ ಮನೆಗೆ ಹೋದ ಹುಡುಗಿಗೆ ಅಷ್ಟು ಸಣ್ಣದಲ್ಲ. ತವರಿನಿಂದಲೂ ಶಾಲೆಯಿಂದಲೂ ಆಕೆ ತಂದ ಸಾಮಾನುಗಳಲ್ಲಿ ಜೀವವಿರುವದು ಇದೊಂದೇ ಆಗಿರುತ್ತದೆ. ಅದು ಸತ್ತರೆ "ಸೊಸೆಯ ಕೈಗುಣ ಸರಿಯಿಲ್ಲ" ಎಂದು ಆಡುವ ಬಾಯಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಕೈಗುಣವೆಂಬುದು ಇಲ್ಲಿ ಏನೂ ಇಲ್ಲ, ಇರುವದು ಮಣ್ಣಿನ ಗುಣ, ನೀರಿನ ಗುಣ, ಕಾಲದ ಗುಣ. ಬಿಡಿಬಿಡಿಯಾಗಿ ಉತ್ತರ ಬರೆಯುವದಕ್ಕಿಂತ ಎಲ್ಲವನ್ನೂ ಒಂದು ಕಡೆ ಹೇಳಿದರೆ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಉಪಯೋಗವಾದೀತೆಂದು ಈ ಲೇಖನ. ಅತ್ತೆಯವರಿಗೆ ಓದಿ ಹೇಳುವದಕ್ಕೂ ಇದು ಒದಗಬಹುದು.

ಮೊದಲು ಗಿಡದ ಸ್ವಭಾವವನ್ನು ತಿಳಿಯೋಣ. ಸ್ವಭಾವ ತಿಳಿಯದೆ ಆರೈಕೆ ಮಾಡುವದೆಂದರೆ ಜ್ವರವೇನೆಂದು ನೋಡದೆ ಔಷಧ ಕೊಟ್ಟಂತೆ. ಲೋಳೆಸರವು ಇಂದು ನಮ್ಮ ಹಿತ್ತಲುಗಳಲ್ಲಿಯೇ ಹುಟ್ಟಿದ್ದೆನ್ನುವಷ್ಟು ನಮ್ಮದಾಗಿದ್ದರೂ, ಅದರ ಮೂಲಸ್ಥಾನ ಅರಬಸ್ಥಾನವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ವಂಶಾವಳಿಯನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟವಾದ ಒಂದು ಸಂಶೋಧನೆಯೂ ಇದನ್ನೇ ತೋರಿಸಿತು. 'ಆಲೋ ವೆರಾ' ಎಂಬ ಶಾಸ್ತ್ರೀಯ ಹೆಸರನ್ನು ೧೭೬೮ರಲ್ಲಿ ಬರ್ಮನ್ ಎಂಬ ಡಚ್ ಸಸ್ಯಶಾಸ್ತ್ರಜ್ಞನು ಹಿಂದುಸ್ಥಾನದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಕೊಟ್ಟನು. ಕಲ್ಲು ಗರಸಿನ ನೆಲ, ಅಪರೂಪದ ಮಳೆ, ಸುಡುವ ಬಿಸಿಲು, ಇವು ಅದರ ತವರು. ಮಳೆ ಬಂದಾಗ ಮೇಲ್ಮಣ್ಣಿನಲ್ಲಿ ಹರಡಿಕೊಂಡ ಬೇರುಗಳಿಂದ ಬೇಗನೆ ನೀರು ಹೀರಿ, ಎಲೆಯ ಲೋಳೆಯಲ್ಲಿ ಕೂಡಿಟ್ಟು, ತಿಂಗಳುಗಟ್ಟಲೆ ಅದರ ಮೇಲೆಯೇ ಬದುಕುವದು ಅದರ ರೀತಿ.

ಈ ಜಾತಿಯ ಗಿಡಗಳು ಉಸಿರಾಡುವ ಕ್ರಮವೂ ಬೇರೆಯಾಗಿದೆ. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಒಳಗೆ ತೆಗೆದುಕೊಳ್ಳುತ್ತವೆ. ಆಗ ಎಲೆಯೊಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಲೋಳೆಸರ, ಕಾಡುಬಸಳೆ ಮೊದಲಾದವು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು, ಒಳಗೆ ಬಂದ ವಾಯುವನ್ನು ಹುಳಿಯ ರೂಪದಲ್ಲಿ ಸಂಗ್ರಹಿಸಿ, ಮರುದಿನ ಬೆಳಕಿನಲ್ಲಿ ಅದನ್ನು ಉಪಯೋಗಿಸುತ್ತವೆ. ಈ ಸಂಗತಿಯ ಸುಳಿವನ್ನು ಲೋಕಕ್ಕೆ ಮೊದಲು ಕೊಟ್ಟವರಲ್ಲಿ ಒಬ್ಬನಿಗೆ ನಮ್ಮ ನಾಡಿನ ಸಂಬಂಧವಿದೆ. ಬೆಂಜಮಿನ್ ಹೈನೆ ಎಂಬವನು ಮೊರೇವಿಯನ್ ಸಂಘದ ಮಿಷನರಿಯಾಗಿ ತರಂಗಂಬಾಡಿಗೆ ಬಂದು, ತರುವಾಯ ಕುಂಪಣಿ ಸರಕಾರದ ಸಸ್ಯಶಾಸ್ತ್ರಜ್ಞನಾಗಿ, ೧೭೯೯ರಲ್ಲಿ ಟೀಪು ಸುಲ್ತಾನನ ಪತನವಾದ ಮೇಲೆ ಬೆಂಗಳೂರಿನ ಲಾಲಬಾಗಿನ ಮೇಲ್ವಿಚಾರಣೆಯನ್ನೂ ನೋಡಿದನು. ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿಯೂ, ನಡುಹಗಲಿಗೆ ರುಚಿಯಿಲ್ಲದ್ದಾಗಿಯೂ, ಸಂಜೆಗೆ ತುಸು ಕಹಿಯಾಗಿಯೂ ಇರುವದನ್ನು ಅವನು ಗಮನಿಸಿ ಬರೆದ ಪತ್ರವು ೧೮೧೫ರಲ್ಲಿ ಲಂಡನ್ನಿನ ಲಿನ್ನೀಯನ್ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಅದರ ಪೂರ್ಣ ಅರ್ಥ ತಿಳಿಯಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. (ಮಕ್ಕಳು ಈ ಪ್ರಯೋಗವನ್ನು ತಾವೂ ಮಾಡಹೋಗಬಾರದು. ಕಾಡುಬಸಳೆಯಲ್ಲಿ ಹೃದಯಕ್ಕೆ ಕೆಡಕು ಮಾಡುವ ಅಂಶಗಳಿವೆ. ಅದನ್ನು ತಿಂದ ದನಕರುಗಳು ಸತ್ತದ್ದುಂಟು.)

ಇಷ್ಟು ದೂರ ಹೋಗದೆಯೂ ಲೋಳೆಸರದ ಸ್ವಭಾವವನ್ನು ತಿಳಿಯಬಹುದು. ನಮ್ಮ ಭಾಗದ ಎಷ್ಟೋ ಮನೆಗಳ, ಅಂಗಡಿಗಳ ಬಾಗಿಲ ಮೇಲೆ ದೃಷ್ಟಿಯಾಗಬಾರದೆಂದು ಬೇರುಸಹಿತ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುತ್ತಾರೆ. ದೃಷ್ಟಿಯ ವಿಷಯ ಹೇಗಾದರೂ ಇರಲಿ, ಮಣ್ಣಿಲ್ಲದೆ ನೀರಿಲ್ಲದೆ ಆ ಗಿಡವು ತಿಂಗಳುಗಟ್ಟಲೆ ಹಸುರಾಗಿ, ತುದಿಯನ್ನು ಮೇಲಕ್ಕೆ ಬಾಗಿಸಿಕೊಂಡು ಬದುಕಿರುವದನ್ನು ಎಲ್ಲರೂ ನೋಡಿದ್ದೇವೆ. ಬಾಗಿಲ ಮೇಲೆ ಯಾರೂ ನೋಡದೆ ಬದುಕುವ ಗಿಡವು ಕುಂಡದಲ್ಲಿ ದಿನವೂ ನೀರು ಕುಡಿದು ಸಾಯುತ್ತದೆ. ಇದರಿಂದ ತಿಳಿಯತಕ್ಕದ್ದೇನಂದರೆ, ಲೋಳೆಸರವು ಬಾಯಾರಿ ಸಾಯುವದು ಬಹಳ ಅಪರೂಪ. ಅದು ಸಾಯುವದು ಬೇರಿಗೆ ಗಾಳಿಯಿಲ್ಲದೆ. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಗಾಳಿಗೆ ಎಡೆಯಿಲ್ಲದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಬೂಷ್ಟು ಹತ್ತುತ್ತದೆ, ಆ ಕೊಳೆತವು ಬುಡಕ್ಕೆ ಏರುತ್ತದೆ. ಎಲೆ ಮೆತ್ತಗಾಗಿ ಬಾಡಿದಂತೆ ಕಾಣುವದು ಆಗಲೇ. ನೋಡಿದವರು ನೀರು ಸಾಲದೆಂದು ತಿಳಿದು ಇನ್ನೊಂದು ತಂಬಿಗೆ ಹಾಕುತ್ತಾರೆ.

ಕುಂಡ ಬದಲಿಸುವ ಅವಶ್ಯಕತೆ ಯಾವಾಗ ಬರುತ್ತದೆ? ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮವೇನೂ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸಾಕು. ತಾಯಿಗಿಡದ ಸುತ್ತ ಮರಿಗಳು ಕಿಕ್ಕಿರಿದು ಕುಂಡದ ಅಂಚಿಗೆ ಒತ್ತುತ್ತಿದ್ದರೆ, ಕೆಳಗಿನ ತೂತಿನಿಂದ ಬೇರು ಹೊರಗೆ ಇಣುಕುತ್ತಿದ್ದರೆ, ಗಿಡದ ತಲೆಭಾರಕ್ಕೆ ಕುಂಡವು ಉರುಳುತ್ತಿದ್ದರೆ, ಹಾಕಿದ ನೀರು ಮಣ್ಣಿಗೆ ಇಳಿಯದೆ ಬದಿಯಿಂದ ಹರಿದುಹೋಗುತ್ತಿದ್ದರೆ, ಸಮಯ ಬಂತೆಂದು ತಿಳಿಯಬೇಕು. ಬೇಸಿಗೆಯ ಬಿಸಿಲಿಗೆ ಎಲೆಯು ಕೆಂಪು ಕಂದು ಬಣ್ಣಕ್ಕೆ ತಿರುಗುವದು, ಎಲ್ಲಕ್ಕೂ ಕೆಳಗಿನ ಒಂದೆರಡು ಎಲೆ ಒಣಗಿ ಉದುರುವದು, ಇವು ಕುಂಡ ಬದಲಿಸುವ ಸೂಚನೆಗಳಲ್ಲ.

ಕಾಲದ ವಿಷಯದಲ್ಲಿ ನಮ್ಮ ಹಿರಿಯರ ರೂಢಿಯೊಡನೆ ನನಗೆ ಭಿನ್ನಾಭಿಪ್ರಾಯವಿದೆ. ಗಿಡ ನೆಡುವದೆಲ್ಲ ಮೃಗಶಿರ ಮಳೆಗೆ ಎಂಬುದು ನಮ್ಮಲ್ಲಿ ರೂಢಿ. ಮಲ್ಲಿಗೆ, ದಾಸವಾಳ, ಕರಿಬೇವುಗಳಿಗೆ ಅದು ಯೋಗ್ಯವೇ. ಲೋಳೆಸರಕ್ಕೆ ಮಾತ್ರ ಅದು ಕೆಟ್ಟ ಕಾಲ. ಯಾಕಂದರೆ ಕುಂಡ ಬದಲಿಸುವಾಗ ಎಷ್ಟು ಜೋಕೆಯಿಂದಿದ್ದರೂ ಬೇರು ಹರಿಯುತ್ತದೆ, ಮರಿ ಬೇರ್ಪಡಿಸಿದಲ್ಲಿ ಗಾಯವಾಗುತ್ತದೆ. ಆ ಗಾಯ ಒಣಗಿ ಮೇಲೆ ಚಕ್ಕೆಗಟ್ಟಬೇಕಾದರೆ ಗಾಳಿ ಒಣಗಿರಬೇಕು. ಜೂನಿನಿಂದ ಸಪ್ಟಂಬರದ ವರೆಗಿನ ತೇವದ ಗಾಳಿಯಲ್ಲಿ, ಅದರಲ್ಲಿಯೂ ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆಗೆ, ಗಾಯ ಒಣಗುವ ಮೊದಲೇ ಕೊಳೆಯುತ್ತದೆ. ಫೆಬ್ರುವರಿಯ ನಡುವಿನಿಂದ ಮಾರ್ಚಿನ ಕೊನೆಯ ವರೆಗೆ ಅತ್ಯುತ್ತಮ. ಚಳಿ ಹೋಗಿ ಗಿಡವು ಬೆಳೆಯಲು ತೊಡಗಿರುತ್ತದೆ, ಗಾಳಿಯೂ ಒಣಗಿರುತ್ತದೆ. ಸುಗ್ಗಿ ಮುಗಿದು ಮನೆಯವರಿಗೆ ಕೈಬಿಡುವೂ ಇರುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಾಡಲೇಬೇಕಾಗಿ ಬಂದರೆ ನೆರಳಿನಲ್ಲಿಟ್ಟು ಮಾಡಬಹುದು.

ಇನ್ನು ಮಣ್ಣು. ಎಲ್ಲಕ್ಕೂ ಮುಖ್ಯವಾದದ್ದು ಇದೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯ ಹಿರಿಮೆಯನ್ನು ಆ ಊರುಗಳ ಪಾಲಕರಿಗೆ ನಾನು ಹೇಳಬೇಕಾಗಿಲ್ಲ. ಹತ್ತಿ, ಬಿಳಿಜೋಳ, ಕಡಲೆ, ಗೋದಿ, ಮೆಣಸಿನಕಾಯಿ, ಎಲ್ಲವೂ ಅದರಿಂದ. ಹಿಂಗಾರಿಯಲ್ಲಿ ಬಿತ್ತಿದ ಕಡಲೆಯು ಒಂದು ಹನಿ ಮಳೆಯಿಲ್ಲದೆ ಬರಿಯ ಇಬ್ಬನಿಗೂ ನೆಲದ ಹಸಿಗೂ ಬೆಳೆದುಬರುವದು ಆ ಮಣ್ಣು ನೀರನ್ನು ಹಿಡಿದಿಡುವ ಶಕ್ತಿಯಿಂದ. ಆದರೆ ಹೊಲದಲ್ಲಿ ಯಾವದು ಗುಣವೋ ಲೋಳೆಸರದ ಕುಂಡದಲ್ಲಿ ಅದೇ ದೋಷ. ಎರೆಮಣ್ಣಿನ ಜಿಗಟು ಕಣಗಳು ಒಂದು ಮಿಲಿಮೀಟರಿನ ೫೦೦ರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವು. ಅವು ಹಾಳೆ ಹಾಳೆಯಾಗಿದ್ದು, ಹಾಳೆಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲವಾಗಿ ಹೊಲ ಬಿರಿಯುವದು ಇದರಿಂದಲೇ. ಕುಂಡದಲ್ಲಿ ಇದೇ ಆಟವು ಸಣ್ಣದಾಗಿ ನಡೆಯುತ್ತದೆ. ಒದ್ದೆಯಾದಾಗ ಉಬ್ಬಿ ಸಂದುಗಳೆಲ್ಲ ಮುಚ್ಚಿ ಬೇರಿಗೆ ಗಾಳಿ ತಪ್ಪುತ್ತದೆ. ಒಣಗಿದಾಗ ಮುದ್ದೆಯಾಗಿ ಕುಗ್ಗಿ, ಎಳೆಯ ಬೇರುಗಳನ್ನು ಹರಿದು, ಕುಂಡದ ಗೋಡೆಯನ್ನು ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿನಿಂದಲೇ ಕೆಳಗಿಳಿದು ಹೊರಟುಹೋಗುತ್ತದೆ, ನಡುವಿನ ಮಣ್ಣಿಗೆ ಮುಟ್ಟುವದಿಲ್ಲ. ಹೀಗೆ ಒಂದು ವಾರ ಉಸಿರು ಕಟ್ಟಿ, ಇನ್ನೊಂದು ವಾರ ಬೇರು ಹರಿದು ಗಿಡವು ಕೆಡುತ್ತದೆ.

ನಿಮ್ಮ ಮನೆಯ ಮಣ್ಣು ಎಂಥದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಉಸುಕು ಒಂದೆರಡು ನಿಮಿಷದಲ್ಲಿಯೇ ತಳಕ್ಕೆ ಕೂಡುತ್ತದೆ. ಅದಕ್ಕಿಂತ ನಯವಾದ ಮಣ್ಣು ಕೆಲವು ತಾಸುಗಳಲ್ಲಿ ಅದರ ಮೇಲೆ ಪದರಾಗಿ ಕೂಡುತ್ತದೆ. ಜಿಗಟು ಮಾತ್ರ ಮರುದಿನವೂ ನೀರನ್ನು ರಾಡಿಯಾಗಿಯೇ ಇಟ್ಟಿರುತ್ತದೆ. ಕಲಘಟಗಿಯ ಮಸಾರಿ ಮಣ್ಣನ್ನೂ ಅಣ್ಣಿಗೇರಿಯ ಎರೆಮಣ್ಣನ್ನೂ ಎರಡು ಬಾಟಲಿಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದ ಮಕ್ಕಳಿಗೆ ಭೂಗೋಲದ ಪಾಠವನ್ನು ಮತ್ತೆ ಹೇಳಬೇಕಾಗಿ ಬರುವದಿಲ್ಲ.

ಮಿಶ್ರಣವನ್ನು ಹೀಗೆ ಮಾಡತಕ್ಕದ್ದು. ದಪ್ಪ ಉಸುಕು ಅಥವಾ ಸಣ್ಣ ಹರಳು ಎರಡು ಪಾಲು, ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತು ಮಣ್ಣಿನಂತಾದ ಹಳೆಯ ತಿಪ್ಪೆಗೊಬ್ಬರ ಅರ್ಧ ಪಾಲು. ಮನೆ ಕಟ್ಟುವವರು ಗಿಲಾವಿಗಾಗಿ ಉಸುಕನ್ನು ಜರಡಿ ಹಿಡಿದ ಮೇಲೆ ಜರಡಿಯಲ್ಲಿ ಉಳಿಯುವ ಹರಳು ಇದಕ್ಕೆ ಬಹಳ ಒಳ್ಳೆಯದು, ಬೆಲೆಯೂ ಇಲ್ಲ. ಅದು ಸಿಗದಿದ್ದರೆ ಇಟ್ಟಿಗೆಯನ್ನೋ ಒಡೆದ ಹಂಚನ್ನೋ ಕುಟ್ಟಿ ಕಡಲೆಕಾಳಿನಷ್ಟು ಚೂರು ಮಾಡಿ, ಪುಡಿಯನ್ನು ಜರಡಿಯಿಂದ ತೆಗೆದು ಉಪಯೋಗಿಸಬಹುದು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದ ಕಾಲದಿಂದ ಆ ತರದ ಕೆಂಪು ಹಂಚು ನಮ್ಮ ಸೀಮೆಗೂ ಬಂದಿದೆ. ಹಳೆಯ ಮನೆ ಇಳಿಸಿದಲ್ಲಿ ಅದರ ಚೂರುಗಳ ರಾಶಿಯೇ ಬಿದ್ದಿರುತ್ತದೆ. ನಯವಾದ ಉಸುಕು ಪ್ರಯೋಜನಕ್ಕೆ ಬಾರದು. ಎರೆಮಣ್ಣಿಗೇ ಒಂದಿಷ್ಟು ಉಸುಕು ಕಲಸಿದರಾಯಿತೆಂದು ಕೆಲವರು ಹೇಳುತ್ತಾರೆ, ಅದನ್ನು ಕೇಳಬಾರದು. ಸ್ವಲ್ಪ ಉಸುಕು ಸೇರಿದ ಜಿಗಟು ಒಣಗಿದಾಗ ಹಸಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊಸ ಸಗಣಿಯನ್ನಂತೂ ಹಾಕಲೇಬಾರದು.

ಕುಂಡಗಳಲ್ಲಿ ಕುಂಬಾರನು ಮಾಡಿದ ಸುಟ್ಟ ಮಣ್ಣಿನ ಕುಂಡವೇ ಇದಕ್ಕೆ ಶ್ರೇಷ್ಠ. ಕುಡಿಯುವ ನೀರಿನ ಹರವಿಯು ಹೇಗೆ ಮೈಯಿಂದ ಬೆವತು ನೀರನ್ನು ತಂಪಾಗಿಡುತ್ತದೆಯೋ ಹಾಗೆಯೇ ಕುಂಡವೂ ಮೈಯಿಂದ ಹೆಚ್ಚಿನ ಹಸಿಯನ್ನು ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ಕಿನ ಕುಂಡ, ಎಣ್ಣೆಯ ಡಬ್ಬಿ, ಪಿಂಗಾಣಿಯ ಪಾತ್ರೆ ಇವು ಬೆವರುವದಿಲ್ಲವಾದ್ದರಿಂದ ಅವುಗಳಲ್ಲಿ ನೀರನ್ನು ಇನ್ನೂ ವಿರಳವಾಗಿ ಹಾಕಬೇಕು. ಬಾಯಿ ಒಡೆದ ಹರವಿ ಗಡಿಗೆಗಳೂ ನಡೆಯುತ್ತವೆ. ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮೊಳೆಯನ್ನು ಹೊಡೆಯದೆ ತಿರುವುತ್ತ ಹೋದರೆ ಬಿರಿಯದಂತೆ ತಳಕ್ಕೆ ತೂತು ಬೀಳುತ್ತದೆ. ತೂತಿಲ್ಲದ ಪಾತ್ರೆಯು ಎಷ್ಟು ಚೆಂದವಿದ್ದರೂ ಬೇಡ. ಗಾತ್ರವು ಹಿಂದಿನ ಕುಂಡಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ಮೇಲಿಂದ ಮೇಲೆ ಬದಲಿಸುವದು ತಪ್ಪಲೆಂದು ಒಮ್ಮೆಲೇ ಬಹಳ ದೊಡ್ಡ ಕುಂಡಕ್ಕೆ ಹಾಕುವವರುಂಟು. ಬೇರು ಮುಟ್ಟದ ಮಣ್ಣಿನಲ್ಲಿ ನೀರನ್ನು ಹೀರುವವರು ಯಾರು? ಅದು ಹಾಗೆಯೇ ನಿಂತು ಹುಳಿಯುತ್ತದೆ.

ಕುಂಡದ ತಳಕ್ಕೆ ನಾಲ್ಕು ಬೆರಳು ಎತ್ತರ ಹಂಚಿನ ಚೂರು ಹಾಸಿದರೆ ನೀರು ಬಸಿಯುತ್ತದೆಂದು ನಮಗೆಲ್ಲ ಕಲಿಸಿದ್ದಾರೆ, ತೋಟಗಾರಿಕೆಯ ಹಳೆಯ ಪುಸ್ತಕಗಳಲ್ಲಿಯೂ ಹಾಗೆಯೇ ಇದೆ. ಅದು ನಿಜವಲ್ಲ. ಪಾಟಿ ಒರೆಸುವ ಸ್ಪಂಜಿನ ತುಂಡನ್ನು ನೀರಿನಲ್ಲಿ ಅದ್ದಿ, ಅಂಗೈಯ ಮೇಲೆ ಅಡ್ಡಡ್ಡ ಹಿಡಿಯಿರಿ. ಹನಿ ಬೀಳುವದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಹಿಂಡದಿದ್ದರೂ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ನೀರೂ ಅದೇ, ಎತ್ತರ ಮಾತ್ರ ಹೆಚ್ಚಾಯಿತು. ಕುಂಡದ ಮಣ್ಣೂ ಸ್ಪಂಜಿನಂತೆಯೇ. ಅದರ ತಳದಲ್ಲಿ ಯಾವಾಗಲೂ ಇಂತಿಷ್ಟು ಎತ್ತರದ ವರೆಗೆ ನೀರು ತುಂಬಿ ನಿಂತಿರುತ್ತದೆ. ನಯವಾದ ಮಣ್ಣಿನಿಂದ ದೊಡ್ಡ ಚೂರುಗಳ ಸಂದಿಗೆ ನೀರು ತಾನಾಗಿ ಇಳಿಯುವದಿಲ್ಲ, ಮೇಲಿನ ಮಣ್ಣು ಪೂರ ತುಂಬಿದ ಮೇಲೆಯೇ ಇಳಿಯುತ್ತದೆ. ಆದಕಾರಣ ಚೂರುಗಳ ಹಾಸಿಗೆಯಿಂದ ಆಗುವದಿಷ್ಟೇ: ಆ ಒದ್ದೆಯ ಭಾಗವು ತಳದಿಂದ ನಾಲ್ಕು ಬೆರಳು ಮೇಲೆ ಬಂದು ಬೇರಿಗೆ ಹತ್ತಿರವಾಗುತ್ತದೆ. ಮಣ್ಣು ಸೋರಿಹೋಗದಂತೆ ತೂತಿನ ಮೇಲೆ ಬಾಗಿದ ಒಂದೇ ಒಂದು ಚೂರನ್ನು ಬೋರಲು ಇಟ್ಟರೆ ಸಾಕು. ಚೂರುಗಳು ಮಿಶ್ರಣದೊಳಗೇ ಕಲೆತಿರಬೇಕು. ತಾಟಿನಂತೆ ಆಳವಿಲ್ಲದ ಕುಂಡಗಳು ಬೇಗ ಕೊಳೆಸುವದಕ್ಕೂ ಇದೇ ಕಾರಣ.

ಈಗ ಕೆಲಸಕ್ಕೆ ಬರೋಣ. ಒಂದು ವಾರ ಮೊದಲು ನೀರು ನಿಲ್ಲಿಸಬೇಕು. ಒಣಗಿದ ಮಣ್ಣು ಸುಲಭವಾಗಿ ಬಿಡುತ್ತದೆ, ಎಲೆಗಳೂ ಮುರಿಯುವದಿಲ್ಲ. ಹಳೆಯ ಚೀಲವನ್ನು ಹಾಸಿ, ಕುಂಡವನ್ನು ಅದರ ಮೇಲೆ ಮಗ್ಗುಲಾಗಿ ಮಲಗಿಸಿ, ಸುತ್ತಲೂ ಅಂಗೈಯಿಂದ ಬಡಿದು, ಅಂಚಿನ ಒಳಗೆ ಚೂರಿಯನ್ನು ಒಂದು ಸುತ್ತು ಆಡಿಸಿ, ಬುಡವನ್ನು ಹಿಡಿದು ಮೆಲ್ಲನೆ ಎಳೆಯಬೇಕು. ಎಲೆಗಳನ್ನು ಹಿಡಿದು ಜಗ್ಗಬಾರದು. ಗಿಡವು ಹೊರಗೆ ಬಂದ ಮೇಲೆ ಹಳೆಯ ಮಣ್ಣನ್ನು ಬೆರಳಿನಿಂದ ಉದುರಿಸಿ ಬೇರುಗಳನ್ನು ನೋಡಬೇಕು. ಬಿಳಿ ಅಥವಾ ಹಳದಿ ಬಣ್ಣದ ಗಟ್ಟಿ ಬೇರು ಆರೋಗ್ಯದ್ದು. ಕಪ್ಪಾಗಿ, ಮೆತ್ತಗಾಗಿ, ನಾರುವದನ್ನೆಲ್ಲ ಗಟ್ಟಿ ಭಾಗದ ವರೆಗೆ ಕತ್ತರಿಸಿ ಒಗೆಯಬೇಕು. ಚೂರಿಯನ್ನು ಮೊದಲೇ ಕುದಿನೀರಿನಲ್ಲಿ ಅದ್ದಿ ಒರೆಸಿಕೊಂಡಿರಬೇಕು, ಕೊಳೆತದ್ದನ್ನು ಕೊಯ್ದಾದ ಮೇಲೆ ಮತ್ತೊಮ್ಮೆ.

ಮರಿಗಳನ್ನು ಬೇರ್ಪಡಿಸುವದೂ ಈಗಲೇ. ಮೂರು ನಾಲ್ಕು ಎಲೆ ಬಂದು ತನ್ನದೇ ಬೇರು ಬಿಟ್ಟ ಮರಿಯನ್ನು ಮಾತ್ರ ತೆಗೆಯಬೇಕು. ಬೇರಿಲ್ಲದ ಕೂಸನ್ನು ತಾಯಿಯ ಹತ್ತಿರವೇ ಬಿಡುವದು ಲೇಸು. ಬಳಿಕ ತಾಯಿಗಿಡವನ್ನೂ ಮರಿಗಳನ್ನೂ ಗಾಳಿಯಾಡುವ ನೆರಳಿನಲ್ಲಿ ಮೂರರಿಂದ ಐದು ದಿನ ಹಾಗೆಯೇ ಇಡಬೇಕು. ಹೊಸಬರಿಗೆ ಇದಕ್ಕೆ ಧೈರ್ಯ ಸಾಲುವದಿಲ್ಲ, ಬೇರು ಒಣಗಿದೀತೆಂದು ಹೆದರಿ ಅದೇ ದಿನ ನೆಟ್ಟು ನೀರು ಹಾಕುತ್ತಾರೆ. ಬಾಗಿಲ ಮೇಲೆ ಜೋತಾಡುವ ಲೋಳೆಸರವನ್ನು ಅವರು ನೆನಪಿಗೆ ತಂದುಕೊಳ್ಳಲಿ. ಗಾಯದ ಮೇಲೆ ಒಣ ಚಕ್ಕೆ ಕಟ್ಟಿದ ಬಳಿಕ ನೆಡತಕ್ಕದ್ದು. ಮಿಶ್ರಣವು ಒಣಗಿದ್ದರೆ ಒಳ್ಳೆಯದು. ಹಿಂದೆ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ, ಎಲೆಗಳ ಬುಡ ಮಣ್ಣಿನಲ್ಲಿ ಹೂಳದಂತೆ ಇಟ್ಟು, ಸುತ್ತಲೂ ಮಿಶ್ರಣ ಸುರಿದು, ಕುಂಡವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಅದು ತಾನಾಗಿ ಕೂಡಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಒತ್ತುವದು ಬೇಡ. ಗಿಡವು ಅಲುಗಾಡಿದರೆ ಬದಿಗೆ ಎರಡು ಕಲ್ಲು ಇಡಬಹುದು. ಮೇಲಿನ ಅಂಚಿನಿಂದ ಒಂದು ಬೆರಳು ಬರಿದಾಗಿರಲಿ.

ನೆಟ್ಟ ಮೇಲೆ ಒಂದು ವಾರ ನೀರು ಹಾಕಬಾರದು. ಎಂಟನೆಯ ದಿನ, ತೂತಿನಿಂದ ಹೊರಗೆ ಬರುವಷ್ಟು ಒಮ್ಮೆ ಹಾಕಿ, ಕೆಳಗಿನ ತಾಟಿನಲ್ಲಿ ನಿಂತ ನೀರನ್ನು ಚೆಲ್ಲಿಬಿಡಬೇಕು. ಆಮೇಲೆ ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಪಂಚಾಂಗವಿಲ್ಲ. ಒಣಗಿದ ತೊಗರಿಕಟ್ಟಿಗೆಯ ಕಡ್ಡಿಯನ್ನು ತಳಮುಟ್ಟ ಚುಚ್ಚಿ ತೆಗೆದರೆ, ಹಸಿಯಿದ್ದಲ್ಲಿ ಮಣ್ಣು ಹತ್ತಿಕೊಂಡು ಬರುತ್ತದೆ, ಆಗ ನೀರು ಬೇಡ. ಪೂರ ಒಣಗಿ ಬಂದರೆ ಹಾಕಬೇಕು. ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಕೆಳಗೆ ಇಟ್ಟು ಮರೆತರೂ ಕೆಡಕಿಲ್ಲ. ಮೊದಲ ಎರಡು ವಾರ ನೆರಳು, ನಂತರ ಬೆಳಗಿನ ಬಿಸಿಲು, ಹೀಗೆ ಕ್ರಮವಾಗಿ ರೂಢಿ ಮಾಡಿಸಬೇಕು. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಮಾಳಿಗೆಯ ಮೇಲೆ ಇಟ್ಟರೆ ಎಲೆ ಸುಡುತ್ತದೆ. ನವಲಗುಂದದ ಕಡೆಯ ಬೋರಿನ ಸವುಳು ನೀರು ಕುಂಡದ ಮೈಮೇಲೆ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ಅಂಥಲ್ಲಿ ಮಳೆಯ ನೀರನ್ನೋ ಕೆರೆಯ ಸಿಹಿನೀರನ್ನೋ ಹಾಕುವದು ಉತ್ತಮ.

ಇನ್ನೊಂದು ಮಾತು, ಇದು ಮನೆತನದ ಮಾತು. ಕೂಡಿದ ಒಗೆತನದಲ್ಲಿ ಕುಂಡವು ಯಾರೊಬ್ಬರದೂ ಆಗಿರುವದಿಲ್ಲ. ಬೆಳಿಗ್ಗೆ ತುಳಸಿಗೆ ನೀರೆರೆದವರು ತಂಬಿಗೆಯಲ್ಲಿ ಉಳಿದದ್ದನ್ನು ಪಕ್ಕದ ಲೋಳೆಸರಕ್ಕೆ ಹಾಕುತ್ತಾರೆ, ಮಧ್ಯಾಹ್ನ ಕೈತೊಳೆದವರು ಅದರ ಮೇಲೆಯೇ ಕೈ ಝಾಡಿಸುತ್ತಾರೆ, ಸಂಜೆ ಶಾಲೆಯಿಂದ ಬಂದ ಮಗು ಆಟಕ್ಕೆ ಒಂದು ಲೋಟ ಸುರಿಯುತ್ತದೆ. ಎಲ್ಲರದೂ ಪ್ರೀತಿಯೇ. ಆದುದರಿಂದ ಕುಂಡವನ್ನು ತುಳಸಿಕಟ್ಟೆಯಿಂದಲೂ ಬಚ್ಚಲಿನಿಂದಲೂ ದೂರವಿಟ್ಟು, ನೀರು ಹಾಕುವವರು ಒಬ್ಬರೇ ಎಂದು ಮನೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಸೊಸೆಯಾದವಳು ಇದನ್ನು ಹೇಳಲು ಸಂಕೋಚಪಟ್ಟರೆ, ಆ ಹೊಣೆಯನ್ನು ಅತ್ತೆಯವರಿಗೇ ಮರ್ಯಾದೆಯಿಂದ ಒಪ್ಪಿಸಿ ಕಡ್ಡಿಯ ಪರೀಕ್ಷೆಯನ್ನು ತೋರಿಸಿಕೊಡಬಹುದು. ಹೀಗೆ ಮಾಡಿದ ಕಡೆ ಗಿಡಗಳು ಬದುಕಿವೆ.

ಬೇರಿನಲ್ಲಿಯೂ ಎಲೆಯ ಬುಡದಲ್ಲಿಯೂ ಬಿಳಿಯ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿ ತೆಗೆಯಬೇಕು. ಇರುವೆಗಳು ಇವನ್ನು ಸಾಕುತ್ತವಾದ್ದರಿಂದ ಕುಂಡದ ಸುತ್ತ ಇರುವೆ ಹರಿದಾಡುತ್ತಿದ್ದರೆ ಸಂಶಯಪಡತಕ್ಕದ್ದು. ಇದರ ದಾಯಾದಿಯಾದ ಕಿರಮಂಜಿ ಹುಳುವನ್ನು ಕೆಂಪು ಬಣ್ಣಕ್ಕಾಗಿ ೧೭೯೫ರಲ್ಲಿ ಬ್ರೆಜಿಲಿನಿಂದ ಈ ದೇಶಕ್ಕೆ ತಂದರು. ಬಣ್ಣ ಒಳ್ಳೆಯದಾಗಿ ಬರಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಅದನ್ನು ಕಂಡು ಇನ್ನೊಂದು ಜಾತಿಯ ಕಳ್ಳಿಯ ಕಾಟ ತಪ್ಪಿಸಲು ೧೯೨೬ರಲ್ಲಿ ಬೇಕೆಂದೇ ಸಿಂಹಳದಿಂದ ಬೇರೊಂದು ಬಗೆಯ ಹುಳುವನ್ನು ದಕ್ಷಿಣ ಹಿಂದುಸ್ಥಾನಕ್ಕೆ ತರಿಸಿದರು. ಕೆಲವೇ ವರ್ಷಗಳಲ್ಲಿ ಹೊಲಗಳನ್ನು ನುಂಗಿದ್ದ ಕಳ್ಳಿ ಕರಗಿಹೋಯಿತು.

ಕುಂಡ ಬದಲಿಸುವಾಗ ಮುರಿದ ಎಲೆಯಿಂದ ಮೊದಲು ಸೋರುವ ಹಳದಿ ರಸದ ವಿಷಯದಲ್ಲಿ ತಾಯಂದಿರು ಎಚ್ಚರವಾಗಿರಬೇಕು. ಒಳಗಿನ ಲೋಳೆ ಬೇರೆ, ಸಿಪ್ಪೆಯ ಕೆಳಗಿನ ಈ ಹಳದಿ ರಸ ಬೇರೆ. ಇದನ್ನೇ ಒಣಗಿಸಿದರೆ ಕರಿಬೋಳವಾಗುತ್ತದೆ. ಇದು ತೀಕ್ಷ್ಣವಾದ ಭೇದಿಯ ವಸ್ತು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅಪಾಯಕರ. ಅಮೇರಿಕಾ ಸರಕಾರವು ೨೦೦೨ರಲ್ಲಿ ಅಂಗಡಿಯಲ್ಲಿ ಬೇಕಾದವರು ಕೊಳ್ಳುವ ಭೇದಿಯ ಔಷಧಗಳಿಂದ ಇದನ್ನು ತೆಗೆಸಿಹಾಕಿತು. ಮನೆಮದ್ದೆಂದು ಎಲೆ ಕೊಯ್ದ ಕೂಡಲೆ ತಿನ್ನಿಸುವ ರೂಢಿಯನ್ನು ಬಿಡಬೇಕು. ಬೇಲಿಯ ಕತ್ತಾಳೆಯ ಮರಿಯನ್ನು ಲೋಳೆಸರವೆಂದು ತಂದು ಮೈಗೆ ಹಚ್ಚಿಕೊಂಡು ತುರಿಕೆಯಿಂದ ಒದ್ದಾಡಿದವರೂ ಇದ್ದಾರೆ. ಕತ್ತಾಳೆಯ ಎಲೆಯಲ್ಲಿ ನಾರು ಇರುತ್ತದೆ, ತುದಿಯಲ್ಲಿ ಗಟ್ಟಿ ಮುಳ್ಳಿರುತ್ತದೆ. ಲೋಳೆಸರದ ಎಲೆಯು ನಾರಿಲ್ಲದೆ ಪಟ್ಟನೆ ಮುರಿಯುತ್ತದೆ.

ಇದೇ ಕ್ರಮದಿಂದ ಹಾವಿನ ಗಿಡವನ್ನೂ ಬದಲಿಸಬಹುದು. ಅದರ ಗಡ್ಡೆಬೇರು ಪ್ಲಾಸ್ಟಿಕ್ಕಿನ ಕುಂಡವನ್ನು ಸೀಳಿಬಿಡುವಷ್ಟು ಬಲವಾದದ್ದು. ಚರ್ಚುಗಳ ಪಡಸಾಲೆಯಲ್ಲಿ ಅನೇಕ ಕಡೆ ಕಾಣುವ ಕೆಂಪು ಹೂವಿನ 'ಮುಳ್ಳಿನ ಕಿರೀಟ'ದ ಗಿಡಕ್ಕೂ ಮಣ್ಣು ಇದೇ. ಸುವಾರ್ತೆಯಲ್ಲಿ ಹೇಳಿದ ಮುಳ್ಳು ಇದೇ ಎಂದು ಮಕ್ಕಳು ನಂಬುತ್ತಾರೆ. ಈ ಗಿಡವು ಮಡಗಾಸ್ಕರ ದ್ವೀಪದ್ದು, ೧೮೨೧ರಲ್ಲಿ ಮಿಲಿಯಸ್ ಎಂಬ ಫ್ರೆಂಚ್ ಅಧಿಕಾರಿಯಿಂದ ಯುರೋಪಿಗೆ ಬಂದದ್ದು. ಆದುದರಿಂದ ಹೆಸರು ಭಕ್ತಿಯಿಂದ ಬಂದದ್ದೇ ಹೊರತು ಚರಿತ್ರೆಯಿಂದ ಬಂದದ್ದಲ್ಲ. ಅದಕ್ಕೂ ಎಲ್ಲ ಹಾಲುಗಳ್ಳಿಗಳಿಗೂ ಕೈ ಹಾಕುವಾಗ ಚೀಲದ ತುಂಡಿನಿಂದ ಹಿಡಿಯಬೇಕು. ಆ ಹಾಲು ಕಣ್ಣಿಗೆ ಸಿಡಿದರೆ ಬಹಳ ಹೊತ್ತು ತಣ್ಣೀರಿನಿಂದ ತೊಳೆಯುತ್ತಿದ್ದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಣ್ಣೇ ಹೋಗುವ ಸಂಭವವುಂಟು.

ಈಗಾಗಲೇ ಬುಡ ಕೊಳೆತ ಗಿಡವನ್ನು ತಂದು ತೋರಿಸುವವರಿಗೆ ಒಂದು ಉಪಾಯ ಉಳಿದಿದೆ. ಕೊಳೆತ ಬುಡವನ್ನು ಪೂರ ಕತ್ತರಿಸಿ, ಕೊಯ್ದ ಮೈ ಎಲ್ಲ ಕಡೆಗೂ ಹಸುರು ಬಿಳುಪಾಗಿ ಸ್ವಚ್ಛವಾಗಿ ಕಾಣುವ ವರೆಗೆ ಮೇಲಕ್ಕೆ ಕೊಯ್ಯುತ್ತ ಹೋಗಿ, ಕೆಳಗಿನ ನಾಲ್ಕೈದು ಎಲೆ ತೆಗೆದು, ಎರಡು ಬೆರಳಿನಷ್ಟು ಬರಿಯ ದಿಂಡು ಉಳಿಸಿಕೊಳ್ಳಬೇಕು. ದಿಂಡೇ ಉಳಿಯದೆ ಎಲೆ ಮಾತ್ರ ಉಳಿದರೆ ಅದು ಚಿಗುರುವದಿಲ್ಲ. ಲೋಳೆಸರದ ಒಂಟಿ ಎಲೆಯು ಕಾಡುಬಸಳೆಯ ಎಲೆಯಂತಲ್ಲ. ದಿಂಡು ಉಳಿದಿದ್ದರೆ ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಬರಿಯ ಹರಳಿನ ಮೇಲೆ ಕೂಡ್ರಿಸಿ, ಬೀಳದಂತೆ ಕಲ್ಲು ಆನಿಸಿ ಇಡಬೇಕು. ಮೂರು ನಾಲ್ಕು ವಾರಗಳಲ್ಲಿ ಹೊಸ ಬೇರು ಕಾಣಿಸುತ್ತದೆ. ಕಂಡ ಮೇಲೆ ಮೇಲೆ ಹೇಳಿದ ಮಿಶ್ರಣಕ್ಕೆ ನೆಟ್ಟು, ಅಲ್ಲಿಯ ವರೆಗೆ ತಂಬಿಗೆಯನ್ನು ಅದರ ಹತ್ತಿರ ಒಯ್ಯಬಾರದು.